ಮೊಬೈಲ್, ಲ್ಯಾಪ್‌ಟಾಪ್ ಖರೀದಿ: ಸೇಲ್ಸ್‌ಮನ್ ಮುಂದೆ ಬಜೆಟ್ ಮುಚ್ಚಿಡಬೇಕಾ? ಏನು ಹೇಳಬೇಕು, ಏನು ಹೇಳಬಾರದು?

ಮುಂಬೈನ ಲ್ಯಾಮಿಂಗ್ಟನ್ ರೋಡ್ ಇರಲಿ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್ ಇರಲಿ, ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕಾಲಿಟ್ಟ ಕೂಡಲೇ ಅನೇಕರು ಹೇಳುವ ಮಾತು ಒಂದೇ: 'ಸುಮ್ನೆ ನೋಡೋಕೆ ಬಂದಿದ್ದು'. ಜೇಬಿನಲ್ಲಿ 45 ಸಾವಿರ ಇದ್ದರೂ 30 ಸಾವಿರ ಎನ್ನುತ್ತಾರೆ. ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ. ಮೋಸ ಹೋಗಬಾರದೆಂಬ ಭಯವೇ ಇದಕ್ಕೆ ಕಾರಣ. ಆದರೆ ಹೀಗೆ ಮುಚ್ಚಿಟ್ಟರೆ ಹೆಚ್ಚಿನ ಸಲ ನಷ್ಟವಾಗುವುದು ಗ್ರಾಹಕರಿಗೇ.

ಸೇಲ್ಸ್‌ಮನ್ ಯಾರ ಕಡೆಯವರು?

ದೊಡ್ಡ ಮಳಿಗೆಗಳಲ್ಲಿ ನಿಮ್ಮನ್ನು ಮಾತನಾಡಿಸುವವರೆಲ್ಲ ಅಂಗಡಿಯ ನೌಕರರಲ್ಲ. ಕೆಲವರು ಮೊಬೈಲ್ ಅಥವಾ ಲ್ಯಾಪ್‌ಟಾಪ್ ಕಂಪನಿಯೇ ನಿಲ್ಲಿಸಿರುವ ಪ್ರಮೋಟರ್‌ಗಳು. ಅವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಮಾರಿದ್ದಕ್ಕೆ ಇನ್ಸೆಂಟಿವ್ ಸಿಗುತ್ತದೆ. ಇದು ತಪ್ಪಲ್ಲ, ಅದು ಅವರ ಹೊಟ್ಟೆಪಾಡು. 'ನೀವು ಅಂಗಡಿಯವರಾ, ಕಂಪನಿಯವರಾ?' ಎಂದು ಮೊದಲೇ ವಿಚಾರಿಸಿದರೆ, ಅವರ ಸಲಹೆಯನ್ನು ಎಷ್ಟು ನಂಬಬೇಕು ಎಂಬುದು ತಿಳಿಯುತ್ತದೆ.

ನೇರವಾಗಿ ಹೇಳಬೇಕಾದ್ದು

ಮೊದಲನೆಯದು ಬಳಕೆ. 'ಒಳ್ಳೆ ಲ್ಯಾಪ್‌ಟಾಪ್ ತೋರಿಸಿ' ಎಂದರೆ ಅವರು ಮಾರಬೇಕಾದ್ದನ್ನೇ ತೋರಿಸುತ್ತಾರೆ. 'ಮಗಳು ಬಿ.ಕಾಂ ಓದುತ್ತಿದ್ದಾಳೆ, ಆನ್‌ಲೈನ್ ಕ್ಲಾಸ್, ಎಕ್ಸೆಲ್ ಬಿಟ್ಟರೆ ಬೇರೇನಿಲ್ಲ' ಎಂದರೆ ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಲು ಅವರಿಗೆ ಕಾರಣವೇ ಇರುವುದಿಲ್ಲ.

ಎರಡನೆಯದು ಬಜೆಟ್. ಕಡಿಮೆ ಹೇಳಿದರೆ ನಿಮಗೆ ಹೊಂದುವ ಮಾಡೆಲ್ ಕಣ್ಣಿಗೇ ಬೀಳದೆ ಹೋಗಬಹುದು. ಬ್ಯಾಗ್, ಮೌಸ್, ಇನ್ಶೂರೆನ್ಸ್ ಎಲ್ಲ ಸೇರಿ ಕೊನೆಯ ಬಿಲ್ 40 ಸಾವಿರ ದಾಟಬಾರದು ಎಂದು ಖಚಿತವಾಗಿ ಹೇಳಿ.

ಮೂರನೆಯದು, ಇವತ್ತೇ ಕೊಳ್ಳುತ್ತೀರೋ ಇಲ್ಲವೋ ಎಂಬುದು. ಆನ್‌ಲೈನ್‌ನಲ್ಲಿ ಕೊಳ್ಳುವ ಯೋಚನೆ ಇದ್ದರೆ ಆ ಬೆಲೆ ತೋರಿಸಿ 'ಇದಕ್ಕೆ ಕೊಡ್ತೀರಾ?' ಎಂದು ಕೇಳಿ. ಅರ್ಧ ಗಂಟೆ ಡೆಮೊ ನೋಡಿ ಸುಮ್ಮನೆ ಎದ್ದು ಬರುವುದಕ್ಕಿಂತ ಇದು ಇಬ್ಬರಿಗೂ ಒಳ್ಳೆಯದು.

ಗೊತ್ತಿಲ್ಲದಿದ್ದರೆ ಕೇಳಿ

'8+8 ಜಿಬಿ ರ‍್ಯಾಮ್' ಎಂಬ ಫೋನ್‌ನಲ್ಲಿ ನಿಜವಾದ ರ‍್ಯಾಮ್ 8 ಜಿಬಿ ಮಾತ್ರ. ಉಳಿದದ್ದು ಸ್ಟೋರೇಜ್‌ನಿಂದ ಎರವಲು ಪಡೆದ ವರ್ಚುವಲ್ ರ‍್ಯಾಮ್, ಅದರ ವೇಗ ಕಡಿಮೆ. ತೆಳುವಾದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲು ಆಗುವುದಿಲ್ಲ. 'ನನಗೆ ಇದು ಅರ್ಥವಾಗಲಿಲ್ಲ' ಎನ್ನಲು ಸಂಕೋಚ ಬೇಡ.

'ನೋ ಕಾಸ್ಟ್ ಇಎಂಐ' ವಿಷಯದಲ್ಲೂ ಅಷ್ಟೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಸ್ಪಷ್ಟಪಡಿಸಿದೆ. ಸಾಮಾನ್ಯವಾಗಿ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯಾಗಿ ತೋರಿಸಿ ಸರಿದೂಗಿಸಲಾಗುತ್ತದೆ. ಪ್ರೊಸೆಸಿಂಗ್ ಶುಲ್ಕ, ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳಬಹುದು. 'ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು?' ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ.

ಏನು ಹೇಳಬೇಕಿಲ್ಲ?

ನೇರವಾಗಿ ಮಾತನಾಡುವುದೆಂದರೆ ಎಲ್ಲವನ್ನೂ ಒಪ್ಪಿಸುವುದಲ್ಲ. ಬಿಲ್ ಮಾಡಲು ಮೊಬೈಲ್ ನಂಬರ್ ಕಡ್ಡಾಯ ಎಂದು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಮಳಿಗೆಗಳಿಗೆ ಸೂಚಿಸಿದೆ. ಯಾವುದಕ್ಕೆ ಎಂದು ತಿಳಿಯದೆ ಒಟಿಪಿ ಹೇಳಬೇಡಿ. ಸಾಲ ಬೇಡವೆಂದಾದರೆ ಪ್ಯಾನ್, ಆಧಾರ್ ಪ್ರತಿ ಕೊಡುವ ಅಗತ್ಯವೂ ಇಲ್ಲ.

ಸುಳ್ಳು ಹೇಳಿ ಮಾರಿದರೆ?

ವಸ್ತುವಿನ ಗುಣಮಟ್ಟ, ಉಪಯೋಗದ ಬಗ್ಗೆ ಸುಳ್ಳು ಹೇಳುವುದು, ಅದು ಬಾಯಿಮಾತಿನಲ್ಲೇ ಆದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಆದರೆ ಬಾಯಿಮಾತನ್ನು ಸಾಬೀತು ಮಾಡುವುದು ಕಷ್ಟ. ಹೀಗಾಗಿ ಮುಖ್ಯ ಭರವಸೆಗಳನ್ನು ಬಿಲ್ ಮೇಲೆ ಬರೆಸಿಕೊಳ್ಳಿ, ಇಲ್ಲವೇ ವಾಟ್ಸಾಪ್‌ನಲ್ಲಿ ಕಳುಹಿಸಲು ಹೇಳಿ.

ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೂ ಸೇವೆ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಲ್ಯಾಪ್‌ಟಾಪ್ ಬಗ್ಗೆ ಪುಣೆಯಲ್ಲಿ ನೆಲೆಸಿರುವವರು ಪುಣೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಂಡಿರಬೇಕು.