ಪರದೆಯ ಆಚೆಗಿನ ಕುಮ್ಮಟ

ಗಿರೀಶ ಕಾರ್ನಾಡರ ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಅದರ ಮೊದಲ ದೃಶ್ಯದ ಕಾಲ ಕ್ರಿ.ಶ. 1327, ಜಾಗ ದೆಹಲಿಯ ನ್ಯಾಯಾಲಯದ ಅಂಗಳ. ಇತಿಹಾಸದ ಲೆಕ್ಕದಲ್ಲಿ ಸುಮಾರು ಅದೇ ಹೊತ್ತಿಗೆ ಗಂಗಾವತಿ ಸೀಮೆಯ ಬಂಡೆಗುಡ್ಡಗಳ ನಡುವಿನ ಕುಮ್ಮಟದುರ್ಗ ಆ ನಾಟಕದ ನಾಯಕನಾದ ಸುಲ್ತಾನ ತುಘಲಕ್‌ನ ಸೈನ್ಯಕ್ಕೆ ಬಿತ್ತು. ದೆಹಲಿಯ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಷಾಸ್ಪನಿಗೆ ದುರ್ಗದ ಅರಸ ಕಂಪಿಲರಾಯ ಆಸರೆ ಕೊಟ್ಟಿದ್ದೇ ನೆಪವಾಯಿತು. ನಾಟಕದ ದೃಶ್ಯಗಳಲ್ಲಿ ಈ ಮುತ್ತಿಗೆ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಗಂಗಾವತಿಯ ಪ್ರೇಕ್ಷಕನೊಬ್ಬ ಆ ನಾಟಕದ ಎದುರು ಕೂತರೆ, ದೆಹಲಿಯ ಪ್ರೇಕ್ಷಕನಿಗೆ ಬರೀ ಕತ್ತಲೆಯಾಗಿ ಕಾಣುವ ಸೈಡ್‌ವಿಂಗಿನಲ್ಲಿ ತನ್ನ ಊರಿನ ಗುಡ್ಡವನ್ನೇ ಕಂಡಾನು. ರಂಗದ ಹೊರಗಿನ ಜಾಗ ಖಾಲಿ ಜಾಗವಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು.

ಕಾಣದ ಜಾಗವನ್ನು ಬಳಸಿಕೊಳ್ಳುವುದು ಆಧುನಿಕ ನಾಟಕ ಕಂಡುಹಿಡಿದ ವಿದ್ಯೆಯಲ್ಲ. ಸಂಸ್ಕೃತ ನಾಟಕಕಾರರಿಗೆ ನೇಪಥ್ಯವಿತ್ತು. ಪರದೆಯ ಹಿಂದಿನಿಂದಲೇ ಸುದ್ದಿ ಮುಟ್ಟಿಸುವ ಮಾತಿಗೆ ಅವರು ‘ಚೂಲಿಕೆ’ ಎಂದು ಹೆಸರನ್ನೂ ಇಟ್ಟಿದ್ದರು. ಗ್ರೀಕರ ‘ಪರ್ಷಿಯನ್ನರು’ ನಾಟಕದಲ್ಲಿ ಇಡೀ ಸಲಾಮಿಸ್ ಯುದ್ಧ ದೂತನ ಬಾಯಲ್ಲೇ ನಡೆದುಹೋಗುತ್ತದೆ, ಬಿ.ಎಂ.ಶ್ರೀ. ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಅಷ್ಟು ದೂರ ಹೋಗುವುದೂ ಬೇಡ. ದೊಡ್ಡಾಟದಲ್ಲಿ ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರೆ. ಮೇಲ್ಗಡೆ ಕಿರೀಟದ ತುದಿ, ಕೆಳಗಡೆ ಗೆಜ್ಜೆ ಕಟ್ಟಿದ ಕಾಲು, ನಡುವೆ ಬರೀ ಬಟ್ಟೆ. ಬಂದವನು ಯಾರೆಂದು ಊರಿಗೆಲ್ಲ ಗೊತ್ತು, ಆದರೂ ಸಾರಥಿ ಕೇಳಿಯೇ ಕೇಳುತ್ತಾನೆ. ತೊಗಲುಗೊಂಬೆ ಆಟದ್ದು ಇನ್ನೂ ಸೂಕ್ಷ್ಮ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದುಕೊಟ್ಟ ಕಲೆ ಅದು. ಗೊಂಬೆ ಪರದೆಗೆ ಒತ್ತಿದಾಗ ಅದರ ಅಂಚು, ಬಣ್ಣ, ಕೊರೆದ ತೂತುಗಳೆಲ್ಲ ಚೊಕ್ಕವಾಗಿ ಮೂಡುತ್ತವೆ. ದೀಪದ ಕಡೆಗೆ ಸರಿಸಿದರೆ ನೆರಳು ದೊಡ್ಡದಾಗಿ, ಮಸುಕಾಗಿ, ಕರಗಿಹೋಗುತ್ತದೆ. ಇಲ್ಲಿ ರಂಗಕ್ಕೂ ಹೊರಗಿಗೂ ನಡುವೆ ಗೋಡೆಯಿಲ್ಲ, ಒಂದು ಗೇಣು ದೂರ ಅಷ್ಟೆ.

ಹಾಗಾದರೆ ಆಧುನಿಕ ನಾಟಕ ಮಾಡಿದ್ದೇನು? ನನಗೆ ಕಾಣುವ ವ್ಯತ್ಯಾಸ ಒಂದೇ: ಹಳೆಯ ಆಟದಲ್ಲಿ ಒಳಗೆ ಹೋದದ್ದು ತಿರುಗಿ ಬರುತ್ತದೆ, ಹೊಸ ನಾಟಕದಲ್ಲಿ ಬರುವುದಿಲ್ಲ. ಕುಮಾರರಾಮನ ಕಥೆಯನ್ನೇ ನೋಡಿ. ಮಲತಾಯಿ ರತ್ನಾಜಿಯ ಚಾಡಿ ಕೇಳಿ ಕಂಪಿಲರಾಯ ಮಗನ ತಲೆ ತೆಗೆಸಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ಸತ್ತನೆಂದು ರಾಯ ಅಳುತ್ತಾನೆ, ಶತ್ರು ಹಿಗ್ಗುತ್ತಾನೆ, ಕೇಳುವವರು ಮಾತ್ರ ಒಳಗೊಳಗೇ ನಗುತ್ತಾರೆ, ಏಕೆಂದರೆ ನೆಲಮನೆಯ ಬಾಗಿಲು ತೆರೆದೇ ತೀರುತ್ತದೆ. ಅಲ್ಲಿ ಕಾಣದ ಜಾಗವೆಂದರೆ ಕಣಜ, ಇಟ್ಟದ್ದು ಸಿಗುತ್ತದೆ.

‘ತುಘಲಕ್’ನಲ್ಲೂ ಒಬ್ಬ ಮಲತಾಯಿ ಇದ್ದಾಳೆ. ಸುಲ್ತಾನನ ಸಲಹೆಗಾರ ನಜೀಬನನ್ನು ಕೊಲ್ಲಿಸಿದ್ದು ತಾನೇ ಎಂದು ಅವಳು ಒಪ್ಪಿಕೊಂಡಾಗ ಸುಲ್ತಾನ ಕಲ್ಲು ಹೊಡೆದು ಸಾಯಿಸಲು ಆಜ್ಞೆ ಮಾಡುತ್ತಾನೆ, ಅವಳನ್ನು ಎಳೆದೊಯ್ಯುತ್ತಾರೆ. ಆ ಬಾಗಿಲಾಚೆ ಯಾವ ಬೈಚಪ್ಪನೂ ಇಲ್ಲ. ಒಂದು ಕಲ್ಲೂ ನಮಗೆ ಕಾಣುವುದಿಲ್ಲ. ಕಾಣುವುದು ಆಜ್ಞೆ ಕೊಟ್ಟವನ ಮುಖ. ಜನ ಗಾಡಿಗಟ್ಟಲೆ ತಂದು ಸುರಿಯುವ ಖೋಟಾ ತಾಮ್ರದ ನಾಣ್ಯಗಳೂ ಹೀಗೆಯೇ, ಅರಮನೆಯ ಹೊರಗೆ, ಗುಲಾಬಿ ತೋಟದಲ್ಲಿ. ಆಳುವವನು ಮಾಡಿದ್ದೆಲ್ಲ ಹೊರಗೆ ಬೀಳುತ್ತದೆ, ಅವನು ಒಳಗೆ ಮಾತಾಡುತ್ತಿರುತ್ತಾನೆ. ಕೊನೆಗೆ ಹೊರಗು ಒಂದೇ ಒಂದು ಸಲ ತಾನಾಗಿ ಒಳಗೆ ಬರುತ್ತದೆ, ದನಿಯಾಗಿ. ತಾನೇ ನಿಲ್ಲಿಸಿ ಮತ್ತೆ ಶುರುಮಾಡಿಸಿದ ಪ್ರಾರ್ಥನೆಯ ಕರೆ ಕೇಳುವಾಗ ಸುಲ್ತಾನ ನಿದ್ದೆಯಲ್ಲಿರುತ್ತಾನೆ. ಎಚ್ಚರಾದರೆ ಎಲ್ಲಿದ್ದೇನೆಂದು ತಿಳಿಯದೆ ಬೆದರಿ ನೋಡುತ್ತಾನೆ. ಇಬ್ಸೆನ್ನನ ನೋರಾ ಮನೆ ಬಿಟ್ಟಾಗ ಕೆಳಗಿನಿಂದ ಕೇಳುವ ಬಾಗಿಲ ಸದ್ದು, ಚೆಕಾಫನ ಚೆರ್ರಿ ತೋಟದ ಕೊಡಲಿ ಏಟು ಇದೇ ಜಾತಿಯವು. ಬೆಕೆಟ್‌ನ ಗೋಡೋ ಅಂತೂ ದನಿಯಾಗಿಯೂ ಬರುವುದಿಲ್ಲ.

ಇದೆಲ್ಲ ಬಡತನಕ್ಕೆ ಕಟ್ಟಿದ ಸಿದ್ಧಾಂತ ಎನ್ನುವವರಿದ್ದಾರೆ. ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು, ಅಷ್ಟು ದುಡ್ಡಿಲ್ಲದ ಹವ್ಯಾಸಿಗಳು ‘ಸೂಚ್ಯ’ ಎಂಬ ಮಾತು ಹಿಡಿದುಕೊಂಡರು ಎಂಬ ವಾದ ಅದು. ಅದರಲ್ಲಿ ಅರ್ಧ ನಿಜವಿದೆ. ಪಾತ್ರವೊಂದು ಫೋನ್ ಎತ್ತಿ ಅರ್ಧ ಕಥೆಯನ್ನು ಪ್ರೇಕ್ಷಕರಿಗೆ ಓದಿಹೇಳುವ ನಾಟಕಗಳನ್ನು ಯಾರು ತಾನೆ ಸಹಿಸಿಯಾರು! ಅಲ್ಲಿ ಹೊರಗು ಇಲ್ಲ, ಸೋಮಾರಿತನ ಇದೆ. ಆದರೆ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದಲ್ಲಿ ‘ತುಘಲಕ್’ ಆಡಿಸಿದಾಗ ಜಾಗಕ್ಕೇನೂ ಬರವಿರಲಿಲ್ಲ, ಕೋಟೆಗೆ ಕೋಟೆಯೇ ರಂಗವಾಗಿತ್ತು. ಅಷ್ಟಿದ್ದೂ ಕೋಟೆಗೋಡೆಯ ಆಚೆ ಒಂದು ಹೊರಗು ಉಳಿದೇ ಉಳಿಯುತ್ತದೆ. ರಂಗ ಹಿಗ್ಗಿದಷ್ಟೂ ಅದೂ ಹಿಂದೆ ಸರಿಯುತ್ತದೆಯೇ ಹೊರತು ಅಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಹಳ್ಳಿಯ ಕಡೆಯಿಂದ. ಕುಷ್ಟಗಿ, ಯಲಬುರ್ಗಾ ಸೀಮೆಯ ಜಾತ್ರೆಗಳಲ್ಲಿ ಊರಿನ ಹುಡುಗರು ರಂಗಸಜ್ಜಿಕೆ ಬಾಡಿಗೆಗೆ ತಂದು ನಾಟಕ ಆಡುತ್ತಾರೆ. ಅಲ್ಲಿ ಎಲ್ಲ ಬಯಲು, ಗುಟ್ಟು ಎಲ್ಲಿಯದು ಎಂಬುದು. ನಿಜ, ಮಕ್ಕಳು ಸೈಡ್‌ವಿಂಗಿನ ಬಟ್ಟೆ ಸರಿಸಿ ಇಣುಕುತ್ತಾರೆ, ಆಗಷ್ಟೇ ಸತ್ತ ಖಳನಾಯಕ ಚಾ ಕುಡಿಯುವುದನ್ನು ನೋಡುತ್ತಾರೆ. ಆದರೆ ಬಣ್ಣದ ಕೋಣೆ ಬೇರೆ, ಕಥೆಯ ಹೊರಗು ಬೇರೆ. ಚಾ ಕುಡಿದವನನ್ನು ಕಂಡ ಮಗುವೇ ಓಡಿಬಂದು ಮುಂದಿನ ಸಾಲಿನಲ್ಲಿ ಕೂತು, ಪಟ್ಟಣಕ್ಕೆ ಹೋದ ನಾಯಕ ಇನ್ನೂ ಯಾಕೆ ಬರಲಿಲ್ಲ ಎಂದು ಬಾಗಿಲ ಚಿತ್ರ ಬರೆದ ಪರದೆಯನ್ನೇ ನೋಡುತ್ತದೆ. ಸಿನಿಮಾ ಬಂದ ಮೇಲೆ ಎಲ್ಲವನ್ನೂ ತೋರಿಸಬಹುದಲ್ಲ ಎಂಬ ಮಾತಿಗೂ ಇದೇ ಉತ್ತರ: ಕ್ಯಾಮೆರಾ ಬೇಕಾದಲ್ಲಿಗೆ ಹೋಗಬಲ್ಲದು, ನಾಟಕದ ಪ್ರೇಕ್ಷಕ ಕೂತಲ್ಲೇ ಕೂತಿರಬೇಕು. ಹೋಗಿ ನೋಡಲಾಗದ ಆ ಇಕ್ಕಟ್ಟೇ ನಾಟಕಕಾರನ ಬಂಡವಾಳ.

ಕಥೆಯ ಕೊನೆಯಲ್ಲಿ ಕುಮಾರರಾಮ ನಿಜವಾಗಿಯೇ ಸಾಯುತ್ತಾನೆ, ಅವನ ತಲೆ ದೆಹಲಿಗೆ ಹೋಗುತ್ತದೆ. ‘ತುಘಲಕ್’ನ ದೆಹಲಿಗೆ ಆ ತಲೆ ಬಂದು ಮುಟ್ಟುವುದಿಲ್ಲ. ನ್ಯಾಯಾಲಯದ ಅಂಗಳದಲ್ಲಿ ಜನ ಸುಲ್ತಾನನ ನ್ಯಾಯದ ಗುಣಗಾನ, ಗೊಣಗಾಟ ಎರಡನ್ನೂ ನಡೆಸುತ್ತಿರುತ್ತಾರೆ. ಈ ನಾಟಕವನ್ನು ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಆಡಿಸುವ ನಿರ್ದೇಶಕ ಒಂದು ಮಾತನ್ನೂ ಸೇರಿಸಬೇಕಿಲ್ಲ. ಆ ಗುಂಪಿನಲ್ಲಿ ಒಬ್ಬ ನಟ, ಯಾಕೆಂದು ಹೇಳದೆ, ದಕ್ಷಿಣದ ಕಡೆಗೆ ತಿರುಗಿ ನೋಡಿದರೆ ಸಾಕು.