ಹಳೆಯ ಪೋಸ್ಟರಿನಲ್ಲಿ ಫೋಟೊ ಕೂತದ್ದು ಹೇಗೆ?

ಮುಂಬೈಯ ಫೋರ್ಟಿನಲ್ಲಿ, ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರವೇ ಸರ್ ಜೆ.ಜೆ. ಕಲಾಶಾಲೆ ಇದೆ. 1857ರಷ್ಟು ಹಳೆಯದು. 1935ರಲ್ಲಿ ಇಲ್ಲಿ ಕಮರ್ಷಿಯಲ್ ಆರ್ಟ್ ವಿಭಾಗ ಶುರುವಾಯಿತು. ಅಂದರೆ ಜಾಹೀರಾತು, ಪೋಸ್ಟರುಗಳ ವಿನ್ಯಾಸ ಕಲಿಸುವ ತರಗತಿ. ಉಡುಪಿ ಕಡೆಯ ಕಟ್ಟಿಂಗೇರಿಯ ನಮ್ಮ ಕೆ.ಕೆ. ಹೆಬ್ಬಾರರು ಆಗ ಇಲ್ಲೇ ಚಿತ್ರಕಲೆ ಕಲಿಯುತ್ತಿದ್ದರು. ಸ್ವಾತಂತ್ರ್ಯ ಚಳವಳಿಯ ಪೋಸ್ಟರುಗಳು ಮನೆ, ಅಂಗಡಿಗಳ ಗೋಡೆ ಏರಿದ್ದೂ ಅದೇ ಕಾಲದಲ್ಲಿ.

ಪೋಸ್ಟರಿನಲ್ಲಿ ಫೋಟೊ ಕೂರಿಸುವ ಒಂದು ದಾರಿ ಜೋಡಣೆ. ಬೇರೆ ಬೇರೆ ಫೋಟೊಗಳನ್ನು ಕತ್ತರಿಸಿ, ಒಂದೇ ಹಾಳೆಯಲ್ಲಿ ಜೋಡಿಸಿ, ಹೊಸ ಅರ್ಥ ಹುಟ್ಟಿಸಿದರೆ ಅದು ಫೋಟೊಮೊಂಟಾಜ್. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬರ್ಲಿನ್ನಿನ ಕಲಾವಿದರು ಇದನ್ನು ಬೆಳೆಸಿದರು. ಜಾನ್ ಹಾರ್ಟ್‌ಫೀಲ್ಡ್ 1932ರಲ್ಲಿ ಹಿಟ್ಲರನ ಫೋಟೊಗೆ ಎಕ್ಸ್‌ರೇ ಚಿತ್ರ ಕೂಡಿಸಿ, ಬೆನ್ನುಮೂಳೆಯ ಜಾಗದಲ್ಲಿ ನಾಣ್ಯಗಳನ್ನು ಪೇರಿಸಿದ. ಹಿಟ್ಲರನ ಭಾಷಣದ ಹಿಂದೆ ಯಾರ ಹಣ ಇದೆ ಎಂಬುದನ್ನು ಓದು ಬಾರದವನೂ ತಿಳಿಯಬಹುದಿತ್ತು.

ಕಂಪ್ಯೂಟರ್ ಇಲ್ಲದೆ ಅಂಟಿಸಿದ ಗುರುತು ಕಾಣದ ಹಾಗೆ ಮಾಡುತ್ತಿದ್ದುದು ಹೇಗೆ? ಮೊದಲು ಫೋಟೊಗಳನ್ನು ಬೇಕಾದ ಅಳತೆಗೆ ಹಿಗ್ಗಿಸಿ ಪ್ರಿಂಟ್ ಹಾಕುತ್ತಿದ್ದರು. ಕತ್ತರಿಸಿ ದಪ್ಪ ರಟ್ಟಿಗೆ ಅಂಟಿಸುತ್ತಿದ್ದರು. ಸಂದುಗಳ ಮೇಲೆ ಕುಂಚದಿಂದಲೋ ಏರ್‌ಬ್ರಷ್ಷಿನಿಂದಲೋ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನದಿಂದ, ಬಣ್ಣ ಹಾಯಿಸುತ್ತಿದ್ದರು. ಆಮೇಲೆ ಇಡೀ ರಟ್ಟನ್ನೇ ಮತ್ತೆ ಫೋಟೊ ತೆಗೆಯಬೇಕು. ಈ ಸಲ ಕ್ಯಾಮೆರಾದ ಒಳಗೆ ಸಣ್ಣ ಚೌಕುಳಿ ಗೆರೆಗಳ ಗಾಜು. ಅದರ ಮೂಲಕ ಬಂದ ಚಿತ್ರ ಚುಕ್ಕಿಗಳಾಗಿ ಒಡೆಯುತ್ತದೆ: ಕಪ್ಪು ಇದ್ದಲ್ಲಿ ದೊಡ್ಡ ಚುಕ್ಕಿ, ತಿಳಿ ಇದ್ದಲ್ಲಿ ಸಣ್ಣದು. ಇದೇ ಹಾಫ್‌ಟೋನ್. ಆ ಚುಕ್ಕಿಗಳನ್ನು ಸತುವಿನ ತಗಡಿಗೆ ಇಳಿಸಿ ಆಮ್ಲದಲ್ಲಿ ಅದ್ದಿದರೆ ಉಳಿದ ಭಾಗ ಸವೆದು ಚುಕ್ಕಿಗಳು ಎದ್ದು ನಿಲ್ಲುತ್ತವೆ. ತಗಡನ್ನು ಮರದ ತುಂಡಿಗೆ ಜಡಿದರೆ ಅಚ್ಚುಕೂಟದವರ ‘ಬ್ಲಾಕು’ ತಯಾರು.

ನಮ್ಮಲ್ಲಿ ದಾರಿ ಸ್ವಲ್ಪ ಬೇರೆ. ಬಣ್ಣದ ಪೋಸ್ಟರುಗಳಲ್ಲಿ ಹೆಚ್ಚಿನವು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕಿದವು; ಬಣ್ಣಕ್ಕೊಂದು ಅಚ್ಚು. ಕಲಾವಿದ ಮುಖವನ್ನು ಫೋಟೊ ನೋಡಿ ಬರೆಯುತ್ತಿದ್ದ. ದೇಹ, ಭಾರತಮಾತೆ, ಕಮಲ ಎಲ್ಲ ಕಲ್ಪನೆ. ಭಗತ್ ಸಿಂಗ್ ಹ್ಯಾಟ್ ಹಾಕಿದ ಚಿತ್ರ ನಿಮಗೆ ಗೊತ್ತಲ್ಲ? ಅದರ ಮೂಲ 1929ರಲ್ಲಿ ದೆಹಲಿಯ ಕಾಶ್ಮೀರಿ ಗೇಟಿನ ಸ್ಟುಡಿಯೊದಲ್ಲಿ ತೆಗೆದ ಒಂದೇ ಫೋಟೊ. ಕಾನ್ಪುರದ ಪ್ರಕಾಶಕರಿಂದ ಹಿಡಿದು ಎಷ್ಟೋ ಜನ ಆ ಮುಖವನ್ನು ಹೊಸ ಹೊಸ ದೃಶ್ಯಗಳಲ್ಲಿ ಕೂರಿಸಿದರು. ಕತ್ತರಿ ಹಿಡಿಯದಿದ್ದರೂ ಕೆಲಸ ಜೋಡಣೆಯದ್ದೇ. ಹಾಗಾಗಿ ನಾನು ಇದನ್ನೂ ಮೊಂಟಾಜ್ ಎಂದೇ ಎಣಿಸುತ್ತೇನೆ.

ಇವನ್ನು ಅಚ್ಚು ಹಾಕಿಸುವ ಖರ್ಚು? ಕಾಗದ, ಶಾಯಿಗಿಂತ ಭಾರವಾದದ್ದು ಸರಕಾರದ ಭಯ. 1867ರ ಮುದ್ರಣ ಕಾಯಿದೆಯಂತೆ ಮುದ್ರಕನ ಹೆಸರು, ಊರು ಅಚ್ಚಾಗಲೇಬೇಕಿತ್ತು. 1910ರ ಪ್ರೆಸ್ ಕಾಯಿದೆ ಹೊಸ ಅಚ್ಚುಕೂಟದಿಂದ 500ರಿಂದ 2000 ರೂಪಾಯಿ ಠೇವಣಿ ಕೇಳಬಹುದಿತ್ತು. ಸರಕಾರಕ್ಕೆ ಒಪ್ಪಿಗೆಯಾಗದ್ದು ಅಚ್ಚಾದರೆ ಆ ಹಣ ಮುಟ್ಟುಗೋಲು. ಅದು 1922ರಲ್ಲಿ ರದ್ದಾಯಿತು, 1931ರಲ್ಲಿ ಹೊಸ ಹೆಸರಿನಲ್ಲಿ ಮರಳಿತು. ಸರಕಾರದ ಈ ಭಯದ ನಡುವೆಯೇ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬೈ ಕಾಂಗ್ರೆಸ್ಸಿನ ಬುಲೆಟಿನ್ ಸೈಕ್ಲೊಸ್ಟೈಲ್ ಯಂತ್ರದಲ್ಲಿ, ಅಂದರೆ ಮೇಣದ ಹಾಳೆಯಿಂದ ಪ್ರತಿ ತೆಗೆಯುವ ಯಂತ್ರದಲ್ಲಿ, ಗುಟ್ಟಾಗಿ ಹೊರಬರುತ್ತಿತ್ತು.

ಇಂಥ ಪೋಸ್ಟರುಗಳನ್ನು ಇಂದು ಎಲ್ಲಿ ನೋಡಬಹುದು? ನಿಷೇಧಕ್ಕೊಳಗಾದ ಮುದ್ರಣಗಳು ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಜಾಲತಾಣದಲ್ಲಿವೆ. ಮುಂಬೈಯಲ್ಲೇ ಕೊಳ್ಳುವ ಆಸೆಯಿದ್ದರೆ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಿ, ಆದರೆ ಜೇಬಿನಲ್ಲಿ ಒಂದು ಭೂತಗನ್ನಡಿ ಇರಲಿ. ಬಣ್ಣದ ಚುಕ್ಕಿಗಳು ಪುಟ್ಟ ಹೂಗಳ ಹಾಗೆ ಒಂದೇ ಕ್ರಮದಲ್ಲಿ ಕಂಡರೆ ಅದು ಆಫ್‌ಸೆಟ್ ಮುದ್ರಣದ ಈಚಿನ ಪ್ರತಿ ಇರಬಹುದು. ಹಳೆಯ ಕಲ್ಲಚ್ಚಿನ ಚುಕ್ಕಿಗಳು ಅಡ್ಡಾದಿಡ್ಡಿ.

ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಕ್ಕರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಟೇಪು ಹಚ್ಚಬೇಡಿ, ಅಂಚು ಕತ್ತರಿಸಬೇಡಿ. ಮುದ್ರಕನ ಹೆಸರು ಇರುವುದು ಆ ಕೆಳ ಅಂಚಿನಲ್ಲೇ.