ವಿನ್ಯಾಸ ತಂತ್ರಾಂಶ ಹಾಗೂ ಕೃತಕ ಬುದ್ಧಿಮತ್ತೆ: ಪರವಾನಗಿ ವೆಚ್ಚದ ಮುಂದಿನ ಸ್ವರೂಪ

ಯಂತ್ರಭಾಗ, ಅಚ್ಚು ಹಾಗೂ ಎರಕದ ವಸ್ತುಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ ವಿನ್ಯಾಸ ತಂತ್ರಾಂಶದ ವೆಚ್ಚವು ಕಡೆಗಣಿಸುವಂತಹ ಬಾಬಲ್ಲ. ಆದುದರಿಂದ ಕೃತಕ ಬುದ್ಧಿಮತ್ತೆಯು ಈ ತಂತ್ರಾಂಶ ವ್ಯವಹಾರವನ್ನು ಯಾವ ದಿಕ್ಕಿಗೆ ಒಯ್ಯಬಹುದೆಂಬುದು ಬಳಕೆದಾರ ಉದ್ಯಮಿಗೂ ಸಂಬಂಧಿಸಿದ ವಿಷಯವಾಗಿದೆ.

ಬದಲಾದ ಮಾರಾಟ ಪದ್ಧತಿ

ಆಟೋಡೆಸ್ಕ್ ಸಂಸ್ಥೆಯ ಆಟೋಕ್ಯಾಡ್ 1982ರಲ್ಲಿ ಬಿಡುಗಡೆಯಾಯಿತು. ಒಮ್ಮೆ ಹಣ ತೆತ್ತು ಶಾಶ್ವತ ಪರವಾನಗಿ ಪಡೆಯುವ ಪದ್ಧತಿ ದೀರ್ಘಕಾಲ ರೂಢಿಯಲ್ಲಿತ್ತು. 2016ರಲ್ಲಿ ಆ ಸಂಸ್ಥೆಯು ಹೊಸ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ಅನುಸರಿಸಿತು. ಆಸ್ತಿಯೆಂದು ಪರಿಗಣಿತವಾಗಿ ಸವಕಳಿ ಪಡೆಯುತ್ತಿದ್ದ ಬಾಬು ಹೀಗೆ ಪ್ರತಿವರ್ಷದ ರಾಜಸ್ವ ವೆಚ್ಚವಾಯಿತು.

ತಲೆಯೆಣಿಕೆಯ ಆದಾಯಕ್ಕೆ ಧಕ್ಕೆ

ಚಂದಾ ಸಾಮಾನ್ಯವಾಗಿ ಬಳಕೆದಾರರ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಐವರು ವಿನ್ಯಾಸಕರ ಕೆಲಸವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಮೂವರು ಮಾಡಿದರೆ, ಐದು ಚಂದಾಗಳ ಬದಲು ಮೂರು ಸಾಕು. ಕೆಲಸ ಕುಗ್ಗದಿದ್ದರೂ ತಂತ್ರಾಂಶ ಸಂಸ್ಥೆಯ ಆದಾಯ ಶೇ. 40ರಷ್ಟು ಕುಗ್ಗುತ್ತದೆ. ಈ ನಷ್ಟವನ್ನು ತುಂಬಿಕೊಳ್ಳಲು ಸಂಸ್ಥೆಗಳು ಬಳಕೆಯ ಪ್ರಮಾಣಕ್ಕೆ ತಕ್ಕ ಶುಲ್ಕ ವಿಧಿಸುವ ಸಂಭವವಿದೆ. ಆಟೋಡೆಸ್ಕ್ 2021ರಲ್ಲಿಯೇ ದಿನದ ಬಳಕೆಗೆ ಟೋಕನ್ ಕಳೆಯುವ ಯೋಜನೆಯನ್ನು ಆರಂಭಿಸಿತು. ಅಂತಹ ಪದ್ಧತಿ ವ್ಯಾಪಕವಾದಲ್ಲಿ ವೆಚ್ಚವನ್ನು ವರ್ಷಾರಂಭದಲ್ಲಿಯೇ ಅಂದಾಜಿಸುವುದು ಕಷ್ಟವಾಗುವುದು. ಗಂಟೆಯ ದರದಲ್ಲಿ ನಕ್ಷೆ ರಚಿಸಿಕೊಡುವ ಘಟಕಗಳಿಗೂ ಇದೇ ಒತ್ತಡ ಎದುರಾಗಲಿದೆ. ಗಂಟೆಗಳು ಕಡಿಮೆಯಾದಂತೆ ಬಿಲ್ಲಿನ ಮೊತ್ತವೂ ಇಳಿಯುವುದು.

ಸುಲಭವಾಗಿ ಅಳಿಯದ ಬಲ

ಆದರೂ ಈ ಸಂಸ್ಥೆಗಳು ಮರೆಯಾಗುವುವೆಂದು ಭಾವಿಸುವುದು ಅವಸರದ ತೀರ್ಮಾನವಾದೀತು. ಭಾಷಾ ಮಾದರಿಯು ಸಂಭವನೀಯ ಉತ್ತರವನ್ನು ನೀಡುತ್ತದೆ. ಬೇರಿಂಗ್ ಕೂರುವ ರಂಧ್ರಕ್ಕೆ ಬೇಕಾದುದು ನಿಖರ ಅಳತೆ. ಆ ನಿಖರತೆಯನ್ನು ಒದಗಿಸುವುದು ದಶಕಗಳಿಂದ ಪರಿಷ್ಕೃತವಾದ ರೇಖಾಗಣಿತದ ತಿರುಳು. ಡಸೋ ಸಮೂಹದ ಸಾಲಿಡ್‌ವರ್ಕ್ಸ್ ಸಹ ಪ್ರತಿಸ್ಪರ್ಧಿ ಸೀಮೆನ್ಸ್ ಒಡೆತನದ ಪ್ಯಾರಾಸಾಲಿಡ್ ತಿರುಳನ್ನು ಅವಲಂಬಿಸಿರುವುದು ಅದರ ಮಹತ್ವಕ್ಕೆ ನಿದರ್ಶನ. ಭಾರ, ಶಾಖ ಹಾಗೂ ಕಂಪನವನ್ನು ಲೆಕ್ಕಹಾಕುವ ತಂತ್ರಾಂಶಗಳ ಬೇಡಿಕೆ ಹೆಚ್ಚಲೂಬಹುದು. ಯಂತ್ರವು ಹತ್ತಾರು ವಿನ್ಯಾಸಗಳನ್ನು ಸೂಚಿಸಿದರೆ ಪ್ರತಿಯೊಂದನ್ನೂ ಪರೀಕ್ಷಿಸಬೇಕಾಗುತ್ತದೆ. 2025ರಲ್ಲಿ ಸೀಮೆನ್ಸ್ ಸುಮಾರು 1,000 ಕೋಟಿ ಡಾಲರ್‌ಗೆ ಆಲ್ಟೇರ್ ಸಂಸ್ಥೆಯನ್ನೂ, ಸಿನಾಪ್ಸಿಸ್ ಸುಮಾರು 3,500 ಕೋಟಿ ಡಾಲರ್‌ಗೆ ಆನ್ಸಿಸ್ ಸಂಸ್ಥೆಯನ್ನೂ ಖರೀದಿಸಿದವು. ಮಾರಾಟಗಾರರು ಕಡಿಮೆಯಾದಂತೆ ಖರೀದಿದಾರನ ಚೌಕಾಸಿಯ ಶಕ್ತಿ ಕುಗ್ಗುವುದು ಸಹಜ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಬಹುವರ್ಷದ ಚಂದಾ ಒಪ್ಪಂದಕ್ಕೆ ಮುನ್ನ ನಿಜವಾಗಿ ಬಳಕೆಯಲ್ಲಿರುವ ಪರವಾನಗಿಗಳನ್ನು ಎಣಿಸಬೇಕು. ರಿಯಾಯಿತಿಯ ಲಾಭವನ್ನು ಬೆಲೆ ಪದ್ಧತಿ ಬದಲಾಗುವ ಸಂಭವದೊಡನೆ ತೂಗಿ ನೋಡಬೇಕು.

2. ಮೂಲ ಕಡತದ ಜೊತೆಗೆ ಸ್ಟೆಪ್ ಮಾದರಿಯ ಪ್ರತಿಯನ್ನೂ ಉಳಿಸಬೇಕು. ಐಎಸ್‌ಒ 10303 ಮಾನಕವಾದ ಇದನ್ನು ಇತರ ತಂತ್ರಾಂಶಗಳೂ ಓದಬಲ್ಲವು.

3. ಗ್ರಾಹಕರ ನಕ್ಷೆಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವ ಹಕ್ಕು ಒಪ್ಪಂದದಲ್ಲಿ ಅಡಗಿದೆಯೇ ಎಂದು ಪರಿಶೀಲಿಸಬೇಕು.

4. ಯಂತ್ರ ರಚಿಸಿದ ನಕ್ಷೆಯನ್ನು ಅನುಭವಿ ಇಂಜಿನಿಯರ್ ಪರಿಶೀಲಿಸಿ ಸಹಿ ಮಾಡಿದ ನಂತರವೇ ಉತ್ಪಾದನೆಗೆ ಕಳುಹಿಸಬೇಕು. ಮಾಲು ತಿರಸ್ಕೃತವಾದಾಗ ಗ್ರಾಹಕನು ತಯಾರಕನನ್ನು ಕೇಳುವನೇ ಹೊರತು ತಂತ್ರಾಂಶವನ್ನಲ್ಲ.

ತಂತ್ರಾಂಶ ಅಗ್ಗವಾಗುವುದೋ ದುಬಾರಿಯಾಗುವುದೋ ಎಂಬುದು ಮಾರುಕಟ್ಟೆಗೆ ಬಿಟ್ಟ ವಿಷಯ. ತನ್ನ ನಕ್ಷೆಗಳ ಮೇಲಿನ ಹಿಡಿತವನ್ನು ಉಳಿಸಿಕೊಂಡ ಘಟಕಕ್ಕೆ ಎರಡೂ ಸಂದರ್ಭಗಳಲ್ಲಿ ಆಯ್ಕೆಯ ಸ್ವಾತಂತ್ರ್ಯ ಇರುವುದು.